ಕೊರೋಮ್‌ಗೆ ಮಾಡಿಸಿದ ಸ್ನಾನ

ವೆಂಡೆಲ್ ಸತ್ತ ದಿನವೇ ಅವನ ತಂಗಿ ಬಂದು ಬಟ್ಟೆಗಳನ್ನೆಲ್ಲ ಒಗೆದು, ಇಸ್ತ್ರಿ ಮಾಡಿ ಚರ್ಚಿಗೆ ಕೊಟ್ಟಿದ್ದಳು. ಬೇಡ ಎನ್ನಬೇಕೆಂದು ಎತೆಲ್ಕಾಗೆ ಆಗ ಹೊಳೆಯಲಿಲ್ಲ. ಈಗ ಗಂಡನ ವಾಸನೆ ಉಳಿದಿದ್ದುದು ನಾಯಿಯ ಮೈಯಲ್ಲಿ ಮಾತ್ರ.

ಕೊರೋಮ್ ಪುಲಿ ಎಂಬ ಕುರಿಕಾಯುವ ತಳಿಯ ಕಪ್ಪು ನಾಯಿ. ಆ ತಳಿಯ ಕೂದಲನ್ನು ಬಾಚುವುದಿಲ್ಲ. ಅದು ಜಡೆಗಟ್ಟಿ ನೆಲ ಮುಟ್ಟುತ್ತದೆ, ಹೊಗೆ ದೂಳೆಲ್ಲವನ್ನೂ ಹಿಡಿದಿಟ್ಟುಕೊಳ್ಳುತ್ತದೆ. ವರ್ಷಗಟ್ಟಲೆ ಕೊರೋಮ್ ಮಲಗಿದ್ದು ವೆಂಡೆಲ್‌ನ ಕುರ್ಚಿಯ ಕೆಳಗೆ, ಅವನ ಪೈಪಿನ ಹೊಗೆಯಲ್ಲಿ. ಅವನು ಹೋದಮೇಲೆ ಎತೆಲ್ಕಾ ನೆಲದಲ್ಲಿ ಕೂತು ಅದರ ಬೆನ್ನಿಗೆ ಮುಖ ಒತ್ತುತ್ತಿದ್ದಳು. ತಂಬಾಕು, ಅದರಡಿಯಲ್ಲಿ ಅವನ ಅಂಗೈ ಬೆವರು. ಅಳು ಬರುತ್ತಿರಲಿಲ್ಲ. ಸುಮ್ಮನೆ ಮೂಸುತ್ತಿದ್ದಳು.

ಮಣ್ಣು ಮಾಡುವುದು ವಾರದ ಮೇಲೆ, ತಿಸಾ ನದಿಯಾಚೆ, ವೆಂಡೆಲ್ ಹುಟ್ಟಿದ ಹಳ್ಳಿಯಲ್ಲಿ ಎಂದು ತೀರ್ಮಾನವಾಯಿತು. ಉಳಿದುಕೊಳ್ಳಬೇಕಾದ ಮೈದುನನ ಮನೆಗೆ ನಾಯಿಯನ್ನು ಕರೆದೊಯ್ಯುವಂತಿರಲಿಲ್ಲ. ಹಾಲಾಶ್ ಪಟ್ಟಣದ ಅಂಚಿನಲ್ಲಿ ಇಬೋಯಾ ಎಂಬವಳು ಊರಿಗೆ ಹೋಗುವವರ ನಾಯಿಗಳನ್ನು ಇಟ್ಟುಕೊಳ್ಳುತ್ತಿದ್ದಳು. ಪ್ರತಿ ಬೇಸಿಗೆ ಕೊರೋಮ್‌ನನ್ನು ಅಲ್ಲೇ ಬಿಡುತ್ತಿದ್ದರು.

"ಬಾರೋ ನೆಲ ಒರೆಸೋ ಬಟ್ಟೆ!" ಇಬೋಯಾ ಗೇಟು ತೆಗೆದಳು. "ಯಾವ ಕಡೆ ತಲೆ ಅಂತ ಊಟ ಹಾಕಿದ್ಮೇಲೇ ನಂಗೆ ಗೊತ್ತಾಗೋದು. ಅಣ್ಣ ಎಲ್ಲಿ ಅಕ್ಕಾ? ಕಾರಲ್ಲೇ ಕೂತಿದ್ದಾರಾ?"

"ತೀರ್ಕೊಂಡ್ರು. ಮಣ್ಣಿಗೆ ಹೊರಟಿದೀನಿ."

ಇಬೋಯಾ ಬಾಯಿಗೆ ಕೈ ಇಟ್ಟುಕೊಂಡಳು. ನಾಯಿಯ ಹಗ್ಗ ಕೈಗೆ ತೆಗೆದುಕೊಂಡು, "ಇವನಿಗೇನಾದ್ರೂ ವಿಶೇಷವಾಗಿ ಮಾಡ್ಬೇಕಾ?" ಎಂದು ಕೇಳಿದಳು.

"ಏನೂ ಬೇಡ."

ಸ್ನಾನ ಮಾಡಿಸಬೇಡ ಎಂದು ಬಿಡಿಸಿ ಹೇಳಲಿಲ್ಲ. ಅದು ನವೆಂಬರ್. ಒದ್ದೆಯಾದ ಪುಲಿ ಬೇಸಿಗೆಯಲ್ಲೇ ಬೇಗ ಒಣಗುವುದಿಲ್ಲ. ಚಳಿಯಲ್ಲಿ ಅದನ್ನು ತೊಳೆಯುವವರನ್ನು ಎತೆಲ್ಕಾ ಕಂಡಿರಲಿಲ್ಲ.

ಹಳ್ಳಿಯಲ್ಲಿ ಪೆಟ್ಟಿಗೆಯನ್ನು ಗುಂಡಿಗಿಳಿಸಿದರು. ಅವಳೂ ಒಂದು ಹಿಡಿ ಮಣ್ಣು ಹಾಕಿದಳು. ಕೊಟ್ಟ ಕೋಳಿ ಸಾರು ಕುಡಿದಳು. ಯಾರೋ ಬೆನ್ನು ಸವರಿದರು.

ಹಿಂತಿರುಗಿದಾಗ ಕೊರೋಮ್ ಓಡಿ ಬಂದಿತು. ಅದಕ್ಕಿಂತ ಮುಂಚೆಯೇ ಲ್ಯಾವೆಂಡರ್ ಸೋಪಿನ ವಾಸನೆ ಬಂದಿತು.

"ಸಾವಿನ ಮನೆ, ನಾಲ್ಕು ಜನ ಬಂದು ಹೋಗ್ತಾರೆ. ನಾಯಿ ಗಬ್ಬು ನಾರ್ತಿರಬಾರ್ದು ಅಂತ ತೊಳೆದೆ ಅಕ್ಕ," ಎಂದಳು ಇಬೋಯಾ. ನಿದ್ದೆಗೆಟ್ಟು ಅವಳ ಕಣ್ಣು ಕೆಂಪಾಗಿತ್ತು. "ಫ್ಯಾನಿನ ಮುಂದೆ ಕೂರಿಸಿ ಕೂರಿಸಿ ಸಾಕಾಯ್ತು, ಒಳಗಿನ್ನೂ ಹಸಿ ಇದೆ. ಅಬ್ಬಬ್ಬಾ, ಏನು ಹೊಗೆ! ಸೋಪು ಹಚ್ಚಿದಷ್ಟೂ ಕಪ್ಪು ನೀರು. ಕೊನೆಗೆ ತಿಳಿಯಾಯ್ತು ನೋಡಿ. ಮೂಸಿ ನೋಡಿ, ಹೆಂಗೆ ಘಮ್ಮಂತಿದಾನೆ!"

ಎತೆಲ್ಕಾ ಬಗ್ಗಿ ಮೂಸಿದಳು.

"ಹೌದು," ಎಂದಳು. "ತುಂಬಾ ಕಷ್ಟಪಟ್ಟಿದೀಯ."

ಮನೆಯಲ್ಲಿ ಕೊರೋಮ್ ನೇರ ಕುರ್ಚಿಯ ಕೆಳಗೆ ಹೋಗಿ ಮಲಗಿತು. ಎತೆಲ್ಕಾ ಕೋಟು ಬಿಚ್ಚಲಿಲ್ಲ. ಕಪಾಟಿನಿಂದ ವೆಂಡೆಲ್‌ನ ಪೈಪು, ತಂಬಾಕಿನ ಡಬ್ಬಿ ತೆಗೆದಳು. ಅವನು ತುಂಬುತ್ತಿದ್ದ ಹಾಗೆಯೇ ಹೆಬ್ಬೆರಳಿನಿಂದ ಒತ್ತಿ ತುಂಬಿದಳು. ಎಂದೂ ಸೇದಿದವಳಲ್ಲ; ಮೊದಲ ದಮ್ಮಿಗೇ ಕೆಮ್ಮಿದಳು. ಮತ್ತೆ ಎಳೆದು, ನೆಲಕ್ಕೆ ಕೂತು ಒದ್ದೆ ಜಡೆಗಳ ಮೇಲೆ ಹೊಗೆ ಬಿಟ್ಟಳು.

ಕೊರೋಮ್ ತಟ್ಟನೆ ತಲೆಯೆತ್ತಿತು. ಎದ್ದು ಬಾಗಿಲಿಗೆ ಹೋಗಿ ನಿಂತಿತು. ಬಾಲ ಆಡಿಸುತ್ತಿದ್ದುದು ಜಡೆಗಳ ಅಲುಗಾಟದಿಂದ ತಿಳಿಯುತ್ತಿತ್ತು. ಬಹಳ ಹೊತ್ತು ನಿಂತಿತು. ಆಮೇಲೆ ಅಲ್ಲೇ, ಬಾಗಿಲ ಬುಡದಲ್ಲಿ ಮಲಗಿತು.

ಎತೆಲ್ಕಾ ಹೋಗಿ ಅದರ ಬೆನ್ನಿಗೆ ಮುಖವಿಟ್ಟಳು. ತಂಬಾಕು, ಲ್ಯಾವೆಂಡರ್. ಅದರಡಿಯಲ್ಲಿ ಒದ್ದೆ ನಾಯಿ.

ಪೈಪು ತಾನಾಗಿ ಆರಿತು. ಅವಳು ಮತ್ತೆ ಹಚ್ಚಲಿಲ್ಲ.