ಯಜಮಾನರಿಲ್ಲದ ಮಂಚ

ಗುರುವಾರ ಮಧ್ಯಾಹ್ನ ಎರಡು ಗಂಟೆಗೆ ರಂಗನಾಯಕಿ ಮಿಸ್ ತೇಜಶ್ರೀಗೆ ಫೋನ್ ಮಾಡಿದರು. ನಾಲ್ಕಕ್ಕೆ ಪೊಲೀಸ್ ಸ್ಟೇಷನ್ನಿಗೆ ಬರಬೇಕಂತೆ, ಕಂಪ್ಲೇಂಟಿನಲ್ಲಿ ತಮ್ಮ ಹೆಸರು ಹಾಕುತ್ತಾರಂತೆ ಎಂದರು. ಹೇಳಿದ್ದಾದರೂ ಹೇಗೆ, ಗಾಂಧಿಬಜಾರಿಗೆ ಹೋಗಿ ಸೊಪ್ಪು ತರುತ್ತೇನೆ ಅನ್ನುವ ಹಾಗೆ. ಅರವತ್ತಾರು ವರ್ಷದ ಹೆಂಗಸು, ಚಾಮರಾಜಪೇಟೆಯ ಅರ್ಧ ಮಕ್ಕಳಿಗೆ ಲೆಕ್ಕ ಕಲಿಸಿದವರು, ತೇಜಶ್ರೀಗೂ ಕಲಿಸಿದವರು. ಆಸ್ಪತ್ರೆ, ರೇಷನ್ ಅಂಗಡಿ, ಬ್ಯಾಂಕು ಬಿಟ್ಟರೆ ಇನ್ಯಾವ ಕೌಂಟರಿನ ಮುಂದೆಯೂ ನಿಂತವರಲ್ಲ. ಅವರನ್ನು ಅಲ್ಲಿಗೆ ತಂದು ನಿಲ್ಲಿಸಿದ್ದು ತಾನೇ ಎಂದು ತೇಜಶ್ರೀಗೆ ಚೆನ್ನಾಗಿ ಗೊತ್ತಿತ್ತು.

ನಡೆದದ್ದು ಇಷ್ಟು. ಚಾಮರಾಜಪೇಟೆಯ ಪುಟ್ಟಯ್ಯ ಎಂಬ ಎಪ್ಪತ್ತೆಂಟರ ಮುದುಕರು, ಎರವಲು ತಂದ ಆಸ್ಪತ್ರೆ ಮಂಚದ ಮೇಲೆ ಮಲಗಿದ್ದರು. ಸೋಮವಾರ ಬೆಳಿಗ್ಗೆ ಮಗ್ಗುಲು ಬದಲಿಸಿದಾಗ ಪಕ್ಕದ ಕಂಬಿ ಕಳಚಿ, ಬಿದ್ದು, ಸೊಂಟದ ಮೂಳೆ ಮುರಿಯಿತು. ಮಂಚ ಕೊಟ್ಟದ್ದು 'ಹೆಗಲು'.

ಈ 'ಹೆಗಲು' ಏನು ಅಂತ ಕೇಳಿದರೆ ಅದರ ಸದಸ್ಯರೇ ಅರ್ಧ ಗಂಟೆ ತೆಗೆದುಕೊಳ್ಳುತ್ತಾರೆ. ಸಂಘವಲ್ಲ, ಟ್ರಸ್ಟಲ್ಲ, ಕಂಪನಿಯಲ್ಲ. ಇಂಥವಕ್ಕೆ ಡಾವೋ ಅನ್ನುತ್ತಾರೆ. ಅಧ್ಯಕ್ಷರಿಲ್ಲ, ಕಾರ್ಯದರ್ಶಿ ಇಲ್ಲ. ನಿಯಮಗಳೆಲ್ಲ ಕಂಪ್ಯೂಟರ್ ಕೋಡಿನಲ್ಲಿ ಇರುತ್ತವೆ, ಸದಸ್ಯರು ಮೊಬೈಲಿನಲ್ಲಿ ಮತ ಹಾಕುತ್ತಾರೆ, ನೂರಕ್ಕೆ ಅರವತ್ತು ಮತ ಬಿದ್ದದ್ದು ಜಾರಿಯಾಗುತ್ತದೆ. ಮನೆಮನೆಯಲ್ಲಿ ಕೆಲಸ ಮುಗಿದು ಮೂಲೆ ಸೇರಿದ್ದ ಮಂಚ, ವೀಲ್‌ಚೇರು, ವಾಕರುಗಳನ್ನು ಒಂದು ಶೆಡ್ಡಿನಲ್ಲಿ ಕೂಡಿಹಾಕಿ, ಬೇಕಾದವರಿಗೆ ಸುಮ್ಮನೆ ಕೊಡುವುದು ಅದರ ಕೆಲಸ. ಒಳ್ಳೆಯ ಕೆಲಸವೇ, ಇಲ್ಲ ಅನ್ನುವವರು ಯಾರು. ಮುನ್ನೂರ ಹನ್ನೆರಡು ಸದಸ್ಯರು. ಅಡ್ಡ ಹೆಸರುಗಳು ಮಾತ್ರ ಕೇಳಬೇಡಿ: ಬ್ಯೂಗಲ್‌ರಾಕ್ ೭೭, ಖಾಲಿದೋಸೆ, ಮೂರನೇ ಕ್ರಾಸ್ ಭೂಪ. ಹುಟ್ಟು ಹೆಸರಿನಲ್ಲಿ ಸೇರಿದವರು ರಂಗನಾಯಕಿ ಮಿಸ್ ಒಬ್ಬರೇ.

ತೇಜಶ್ರೀಯೂ ಸದಸ್ಯೆ, ವೃತ್ತಿಯಲ್ಲಿ ಕಂಪನಿ ಸೆಕ್ರೆಟರಿ. ಶೇಷಾದ್ರಿಪುರದಲ್ಲಿ ಸ್ವಂತ ಆಫೀಸಿಟ್ಟುಕೊಂಡು ಕಂಪನಿಗಳನ್ನು ನೋಂದಾಯಿಸಿ ಕೊಡುವುದೇ ಅವಳ ಹೊಟ್ಟೆಪಾಡು. 'ಹೆಗಲಿ'ಗೊಂದು ಕಾನೂನಿನ ರೂಪ ಬೇಕು ಎಂದು ಏಳು ತಿಂಗಳ ಹಿಂದೆಯೇ ಹನ್ನೊಂದು ಪುಟದ ಟಿಪ್ಪಣಿ ಬರೆದು ಸದಸ್ಯರ ಗ್ರೂಪಿನಲ್ಲಿ ಹಾಕಿದ್ದಳು. ಸೊಸೈಟಿ ಮಾಡಿದರೆ ಏಳು ಜನ ಬೇಕು, ಆಡಳಿತ ಮಂಡಳಿಯ ಪಟ್ಟಿ ಕೊಡಬೇಕು. ಟ್ರಸ್ಟಿಗೆ ಟ್ರಸ್ಟಿಗಳು ಬೇಕು. ಎಲ್‌ಎಲ್‌ಪಿ ಅನ್ನುವ ಪಾಲುದಾರಿಕೆ ಆದರೆ ಇಬ್ಬರು ಪಾಲುದಾರರು ಜವಾಬ್ದಾರಿ ಹೊರಬೇಕು. ಲಾಭಕ್ಕಲ್ಲದ ಕಂಪನಿಗೆ ನಿರ್ದೇಶಕರು. ಅಮೆರಿಕದ ಒಂದು ರಾಜ್ಯದಲ್ಲಿ ಡಾವೋವನ್ನೇ ಕಂಪನಿಯೆಂದು ಬರೆದುಕೊಳ್ಳುತ್ತಾರೆ, ಆದರೆ ಅಲ್ಲಿಯ ಕಾಗದ ಹಿಡಿದುಕೊಂಡು ಚಾಮರಾಜಪೇಟೆಯಲ್ಲಿ ಶೆಡ್ಡು ಬಾಡಿಗೆಗೆ ಪಡೆಯುವುದು ಕಷ್ಟ. ಏನೂ ಮಾಡದೆ ಹೀಗೇ ಇದ್ದರೆ, ನಾಳೆ ಏನಾದರೂ ಆದಾಗ ಸದಸ್ಯರಲ್ಲಿ ಯಾರನ್ನು ಬೇಕಾದರೂ ಹಿಡಿದು ಕೇಳಬಹುದು. ಕೊನೆಯ ಸಾಲನ್ನು ದಪ್ಪಕ್ಷರದಲ್ಲೇ ಬರೆದಿದ್ದಳು.

ಮೂರು ಸಲ ಮತಕ್ಕೆ ಹಾಕಿದರು. ಮೂರು ಸಲವೂ ಯಾವುದಕ್ಕೂ ಅರವತ್ತು ಬೀಳಲಿಲ್ಲ. ಯಾವ ದಾರಿಯಲ್ಲಿ ಹೋದರೂ ಕೊನೆಗೆ ಯಾರದಾದರೂ ನಿಜವಾದ ಹೆಸರು, ಮನೆ ವಿಳಾಸ, ಆಧಾರ್ ಬೇಕಾಗುತ್ತಿತ್ತು. ಅದು ಯಾರಿಗೆ ಬೇಕು? ಕೋಡ್ ಬರೆದ ಲೋಹಿತನಂತೂ, ಒಂದು ಹೆಸರು ಬಂತೆಂದರೆ ಯಜಮಾನ ಬಂದ ಹಾಗೆ, ಯಜಮಾನ ಬಂದರೆ ಇದು ಡಾವೋನೇ ಅಲ್ಲ ಎಂದು ಪ್ರತಿ ಸಲವೂ ಭಾಷಣ ಬಿಗಿದ. ಈ ನಡುವೆ ಶೆಡ್ಡಿನ ಮಾಲೀಕ ಕರಾರಿಗೆ ಒಬ್ಬರ ಸಹಿ ಕೇಳಿದ. ಸದ್ಯಕ್ಕೆ ನೀವು ಹಾಕಿಬಿಡಿ ಮಿಸ್, ತಿಂಗಳೊಳಗೆ ನೋಂದಣಿ ಮಾಡಿಸ್ತೀನಿ ಎಂದು ತೇಜಶ್ರೀ ಕೇಳಿಕೊಂಡಳು. ಶಿಷ್ಯೆ ಕೇಳಿದಳಲ್ಲ, ಮಿಸ್ ಓದದೆ ಸಹಿ ಹಾಕಿದರು. ಆರು ತಿಂಗಳಾಗಿತ್ತು. ಆ ಮಂಚದ ಕಂಬಿ ಸಡಿಲವಾಗಿದೆ ಎಂದು ಹಿಂದೆ ಒಯ್ದವರು ಗ್ರೂಪಿನಲ್ಲಿ ಬರೆದೂ ಇದ್ದರು. ಗ್ರೂಪು ತೆರೆದು ನೋಡುವ ಅಭ್ಯಾಸವಿಲ್ಲದ ಮಿಸ್ ಅದನ್ನು ಕಂಡಿರಲಿಲ್ಲ, ತೇಜಶ್ರೀ ಓದಿದ್ದಳು. ರಿಪೇರಿಯ ಪ್ರಸ್ತಾವ ಮತಕ್ಕೆ ಬಂತು, ಯುಗಾದಿಯ ವಾರ ಯಾರೂ ಮತ ಹಾಕದೆ ಬಿದ್ದುಹೋಯಿತು.

ಇದೆಲ್ಲ ಒಂದು ತೂಕವಾದರೆ ಸೋಮವಾರ ಸಂಜೆ ಅವಳು ಮಾಡಿದ್ದು ಇನ್ನೊಂದು ತೂಕ. ಸುದ್ದಿ ತಿಳಿದದ್ದೇ ಮಿಸ್ ಒಂದು ಚೀಲ ಮೂಸಂಬಿ ಹಿಡಿದು ಆಸ್ಪತ್ರೆಗೆ ಹೊರಟಿದ್ದರು. ತೇಜಶ್ರೀ ಫೋನ್ ಮಾಡಿ ತಡೆದಳು. ಹೋಗಿ ನಿಂತರೆ ತಪ್ಪು ಒಪ್ಪಿಕೊಂಡ ಹಾಗಾಗುತ್ತದೆ, ಯಾರು ಹೋಗಬೇಕು, ಏನು ಮಾತಾಡಬೇಕು ಅನ್ನುವುದು ಮತದಲ್ಲಿ ತೀರ್ಮಾನವಾಗಲಿ ಎಂದಳು. ಮಿಸ್ ಅರ್ಧ ದಾರಿಯಿಂದ ಆಟೋ ತಿರುಗಿಸಿದರು. ಆ ಪ್ರಸ್ತಾವ ಗುರುವಾರದವರೆಗೂ ತೆರೆದೇ ಇತ್ತು.

ಈಗ ಎರಡು ಗಂಟೆ ಮಾತ್ರ ಉಳಿದಿತ್ತು. ತೇಜಶ್ರೀ ತುರ್ತು ಪ್ರಸ್ತಾವ ಹಾಕಿದಳು. ಮಿಸ್ ಒಬ್ಬರನ್ನೇ ಬಲಿ ಕೊಡಬಾರದು. ಸದಸ್ಯರು ತಮ್ಮ ನಿಜವಾದ ಹೆಸರು ಕೊಟ್ಟು ಅವರ ಜೊತೆ ನಿಲ್ಲಬೇಕು. ಕೆಳಗೆ ಹೆಸರು, ವಿಳಾಸ ಬರೆಯಲು ಜಾಗ ಬಿಟ್ಟಳು. ಆಮೇಲೆ ಲೋಹಿತನಿಗೆ ಫೋನ್ ಮಾಡಿದಳು.

ಲೋಹಿತ ಪೂರ್ತಿ ಕೇಳಿಸಿಕೊಂಡ. "ಅಕ್ಕಾ, ನಾನು ಯೆಸ್ ಹಾಕ್ತೀನಿ," ಅಂದ. "ಆದ್ರೆ ಹೆಸರು ಬೇಡ. ಮುಂದಿನ ತಿಂಗಳು ವೀಸಾ ಇಂಟರ್‌ವ್ಯೂ ಇದೆ. ನೀವೂ ಹಾಕಿಲ್ವಲ್ಲ?"

ಬೆಂಕಿ ಮುಟ್ಟಿದಂತೆ ಫೋನ್ ಇಟ್ಟಳು. ನಿಜ, ಅವಳೂ ಹಾಕಿರಲಿಲ್ಲ. ಹದಿನಾಲ್ಕು ಕಂಪನಿಗಳು ಅವಳ ಸಹಿಯನ್ನು ನಂಬಿಕೊಂಡಿದ್ದವು. ಪೊಲೀಸ್ ಕೇಸಿನಲ್ಲಿ ಹೆಸರಿರುವವಳ ಹತ್ತಿರ ಯಾವ ಕಂಪನಿ ಕಾಗದ ಮಾಡಿಸುತ್ತದೆ? ಒಂಬತ್ತು ವರ್ಷ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಟ್ಟಿದ ಆಫೀಸು ಅದು. ಮುನ್ನೂರು ಜನರಲ್ಲಿ ಹತ್ತು ಜನ ಬಂದರೂ ಸಾಕು, ತನ್ನದು ಹನ್ನೊಂದನೆಯ ಹೆಸರಾಗಲಿ, ಗುಂಪಿನಲ್ಲಿ ಸೇರಿಹೋಗಲಿ ಎಂದು ಕಾದಳು. ಹಾಗೆ ಕಾದದ್ದಕ್ಕೆ ತನ್ನ ಮೇಲೇ ಅಸಹ್ಯವಾಯಿತು.

ಮೆಟ್ರೋದಲ್ಲಿ ನಿಂತುಕೊಂಡೇ ಫಲಿತಾಂಶ ನೋಡಿದಳು. ಪರ ನೂರ ಎಂಬತ್ತೆಂಟು, ವಿರೋಧ ಇಪ್ಪತ್ತೊಂದು. 'ಹೆಗಲಿ'ನ ಇತಿಹಾಸದಲ್ಲೇ ಇಷ್ಟು ಮತ ಯಾವುದಕ್ಕೂ ಬಿದ್ದಿರಲಿಲ್ಲ. ಹೆಸರಿನ ಜಾಗವನ್ನು ಕೆಳಗಿನವರೆಗೂ ಎಳೆದು ನೋಡಿದಳು. ಒಂದೂ ಇರಲಿಲ್ಲ.

ಪೊಲೀಸ್ ಸ್ಟೇಷನ್ನಿನಲ್ಲಿ ಮಿಸ್ ಗೋಡೆಯ ಪಕ್ಕದ ಬೆಂಚಿನ ಮೇಲೆ, ಮಡಿಲಲ್ಲಿ ಪರ್ಸು ಇಟ್ಟುಕೊಂಡು ಕುಳಿತಿದ್ದರು. ಎದುರಿಗೆ ಪುಟ್ಟಯ್ಯನವರ ಮಗ ಮುತ್ತುರಾಜ್. ನಗರ್ತಪೇಟೆಯಲ್ಲಿ ಸ್ಟೀಲ್ ಪಾತ್ರೆ ಅಂಗಡಿಯವನು, ಮೂರು ದಿನದ ಗಡ್ಡ, ನಿದ್ದೆಗೆಟ್ಟ ಕಣ್ಣು. ಕಂಪ್ಲೇಂಟ್ ಬರೆದು ಮುಗಿಸಿದ್ದ, ಸಹಿಯೊಂದು ಬಾಕಿ. ಸಬ್ ಇನ್ಸ್‌ಪೆಕ್ಟರು ತೇಜಶ್ರೀಯನ್ನು ಕೂರಿಸಿ, ಸಂಸ್ಥೆಯ ಅಧ್ಯಕ್ಷರು ಯಾರು ಎಂದು ಕೇಳಿದರು. ಇಲ್ಲ ಎಂದಳು. ಸೆಕ್ರೆಟರಿ? ಇಲ್ಲ. ರಿಜಿಸ್ಟ್ರೇಷನ್ ನಂಬರು? ಅದೂ ಇಲ್ಲ.

"ಮತ್ತೆ ಮಂಚ ಯಾರದು ಮೇಡಂ?"

"ಎಲ್ಲರದೂ ಸಾರ್."

ಎಲ್ಲರ ವಿಳಾಸ ಕೊಡಿ ಅಂದರು ಅವರು, ಗಂಭೀರವಾಗಿಯೇ. ಖಾಲಿದೋಸೆಯ ವಿಳಾಸವನ್ನು ಅವಳು ಎಲ್ಲಿಂದ ತರಬೇಕು? ಹಾಗಾದರೆ ಶೆಡ್ಡಿನ ಕರಾರಿನಲ್ಲಿರುವ ಹೆಸರೇ ಗತಿ ಎಂದು ಅವರು ಮುತ್ತುರಾಜನ ಕಡೆ ಪೆನ್ನು ತಳ್ಳಿದರು.

ಮುತ್ತುರಾಜ್ ಪೆನ್ನು ಎತ್ತಿಕೊಂಡವನು ಮಿಸ್ ಕಡೆ ತಿರುಗಿದ. "ನಂಗೆ ಈ ಕೇಸು ಗೀಸು ಬೇಕಿರ್ಲಿಲ್ಲ ಅಮ್ಮಾ. ಮಂಚ ಅಂದ್ಮೇಲೆ ಮುರಿಯುತ್ತೆ. ಸೋಮವಾರ ಬರ್ತೀರಾ ಅನ್ಕೊಂಡೆ, ಮಂಗಳವಾರ ಬರ್ತೀರಾ ಅನ್ಕೊಂಡೆ. ಆಪರೇಷನ್‌ಗೆ ಕರ್ಕೊಂಡು ಹೋಗೋವಾಗ್ಲೂ ನಮ್ಮಪ್ಪ, ಮಂಚ ತಂದ್ಕೊಟ್ಟ ಆ ಟೀಚರಮ್ಮ ಬರ್ಲಿಲ್ವಾ ಅಂತ ಕೇಳಿದ್ರು. ಒಂದು ನರಪಿಳ್ಳೆ ಈ ಕಡೆ ತಲೆ ಹಾಕ್ಲಿಲ್ಲ."

ಮಿಸ್ ಬಾಯಿ ತೆರೆಯುತ್ತಾರೆ, ಇವಳೇ ತಡೆದದ್ದು ಅನ್ನುತ್ತಾರೆ ಎಂದು ತೇಜಶ್ರೀ ಕಾದಳು. ಅನ್ನಬಹುದಿತ್ತು. ಅಂದಿದ್ದರೆ ತಪ್ಪೂ ಇರಲಿಲ್ಲ. ಅವರು ಸೆರಗಿನಿಂದ ಕಣ್ಣೊರೆಸಿಕೊಂಡು, "ತಪ್ಪಾಯ್ತಪ್ಪ," ಎಂದರು, ಅಷ್ಟೇ.

ಆ ಒಂದು ಮಾತು ತೇಜಶ್ರೀಯ ಎದೆಯನ್ನು ಇರಿಯಿತು. ಇಷ್ಟು ವರ್ಷ ಊರಿನವರ ಸಹಿಗಳನ್ನೆಲ್ಲ ಎಲ್ಲೆಲ್ಲಿ ಹಾಕಬೇಕೋ ಅಲ್ಲಲ್ಲಿ ಹಾಕಿಸಿದವಳು ಎದ್ದು ನಿಂತಳು.

"ಮಿಸ್ ಅವತ್ತೇ ಹೊರಟಿದ್ರು ಸಾರ್. ಆಟೋದಲ್ಲಿದ್ದೋರನ್ನ ಫೋನ್ ಮಾಡಿ ವಾಪಸ್ ಕಳಿಸಿದ್ದು ನಾನು. ಕರಾರಿಗೆ ಸಹಿ ಹಾಕ್ಸಿದ್ದೂ ನಾನೇ. ಕಂಬಿ ಸಡಿಲ ಇದೆ ಅಂತ ನಂಗೆ ಗೊತ್ತಿತ್ತು, ಅವರಿಗೆ ಗೊತ್ತಿರ್ಲಿಲ್ಲ."

ಮುತ್ತುರಾಜ್ ಅವಳ ಕಡೆ ತಿರುಗಿದ. ಬೈಯುತ್ತಾನೆ ಅಂದುಕೊಂಡಳು, ಬೈಯಲಿಲ್ಲ. ಕಾಗದ ಎಳೆದುಕೊಂಡು ರಂಗನಾಯಕಿ ಎಂದಿದ್ದ ಕಡೆಯೆಲ್ಲ ಗೀಟು ಹೊಡೆದ. ನಿಮ್ಮ ಹೆಸರು ಹೇಳಿ ಅಂದ. ಹೇಳಿದಳು. ತಂದೆ ಹೆಸರು ಕೇಳಿದ, ಚಕ್ರಪಾಣಿ ಎಂದಳು. ಮನೆ ನಂಬರು, ಕ್ರಾಸು, ಪಿನ್ ಕೋಡು. ಒಂದೊಂದನ್ನೂ ಎರಡೆರಡು ಸಲ ಹೇಳಿಸಿಕೊಂಡು ಬರೆದ.

"ನೀವು ಮನೆಗೆ ಹೋಗಿ ಅಮ್ಮಾ," ಎಂದ.

ಮಿಸ್ ಎದ್ದರು. ತೇಜಶ್ರೀಯ ತಲೆಯ ಮೇಲೆ ಒಂದು ಗಳಿಗೆ ಕೈ ಇಟ್ಟರು. ಆಮೇಲೆ ಪುಟ್ಟಯ್ಯನವರು ಯಾವ ವಾರ್ಡಿನಲ್ಲಿದ್ದಾರೆ ಎಂದು ಮುತ್ತುರಾಜನನ್ನು ಕೇಳಿದರು. ಎರಡನೇ ಮಹಡಿ, ಕೊನೆಯ ಹಾಸಿಗೆ ಎಂದು ಅವನು ಮೆಲ್ಲಗೆ ಹೇಳಿದ. ಯಾರ ಅಪ್ಪಣೆಗೂ ಕಾಯದೆ ಅವರು ಹೊರಟುಬಿಟ್ಟರು.

ತೇಜಶ್ರೀಗೂ ಅವರ ಹಿಂದೆ ಓಡಿಹೋಗಬೇಕು, ಆ ಮುದುಕರ ಕೈ ಹಿಡಿದು ಒಂದು ಮಾತು ಹೇಳಬೇಕು ಅನಿಸಿತು. ಬಾಗಿಲತ್ತ ಎರಡು ಹೆಜ್ಜೆಯನ್ನೂ ಇಟ್ಟಳು.

"ನೀವು ಕೂತ್ಕೊಳ್ಳಿ ಮೇಡಂ," ಎಂದರು ಸಬ್ ಇನ್ಸ್‌ಪೆಕ್ಟರು. "ನಿಮ್ಮ ಹೇಳಿಕೆ ಬರ್ಕೋಬೇಕು."