ಬುಕೊವೊದ ಮೇಲಿನ ನಿವೇಶನ

ನೆವೆನಾ ಪುಕ್ಕಲು ಹೆಂಗಸು ಅನ್ನುವುದನ್ನು ಅವಳ ಮನೆಯಲ್ಲಿ ಎಲ್ಲರೂ ಒಪ್ಪಿಕೊಂಡಿದ್ದರು. ಅವಳೂ ಒಪ್ಪಿಕೊಂಡಿದ್ದಳು. ಪ್ಲೊವ್ದಿವ್ ನಗರದ ಉದ್ಯಾನ ಇಲಾಖೆಯಲ್ಲಿ ಇಪ್ಪತ್ತಾರು ವರ್ಷ ಮರದ ಕೊಂಬೆ ಸವರುವ ಕೆಲಸ ಮಾಡಿದವಳು. ಏಣಿ ಹತ್ತಿ ಗರಗಸ ಹಿಡಿದರೆ ಕೈ ನಡುಗುತ್ತಿರಲಿಲ್ಲ. ನೆಲಕ್ಕಿಳಿದ ಮೇಲೆ ಮಾತ್ರ ಬೊಗಳುವ ನಾಯಿ, ಗುಡುಗು, ಲಿಫ್ಟು, ಹೊತ್ತಲ್ಲದ ಹೊತ್ತಿಗೆ ಬರುವ ಫೋನು, ಎಲ್ಲಕ್ಕೂ ಎದೆ ಧಸಕ್ಕೆನ್ನುತ್ತಿತ್ತು. ಗಂಡ ಸ್ತಾಮೆನ್ ಡ್ರೈವಿಂಗ್ ಶಾಲೆ ನಡೆಸುತ್ತಿದ್ದ. ಅರ್ಧ ಊರಿಗೆ ಕಾರು ಕಲಿಸಿದವನಿಗೆ ಹೆಂಡತಿಗೆ ಕಲಿಸಲು ಆಗಿರಲಿಲ್ಲ. "ಇವಳು ಬ್ರೇಕಿನ ಮೇಲೆ ಕಾಲಿಟ್ಕೊಂಡೇ ಹುಟ್ಟಿದೋಳು" ಅಂತ ಊಟಕ್ಕೆ ಬಂದವರ ಮುಂದೆಲ್ಲ ಹೇಳಿ ನಗಿಸುತ್ತಿದ್ದ. ಅವಳೂ ನಗುತ್ತಿದ್ದಳು.

ಹಿಮದ ಮೇಲೆ ಜಾರುವುದೊಂದಕ್ಕೆ ಮಾತ್ರ ಅವಳು ಯಾವತ್ತೂ ಹೆದರಿದವಳಲ್ಲ. ಮದುವೆಗೆ ಮೊದಲೇ ಇಬ್ಬರೂ ಸ್ಕೀ ಕಟ್ಟಿಕೊಂಡು ಪಿರಿನ್ ಬೆಟ್ಟಕ್ಕೆ ಹೋಗುತ್ತಿದ್ದರು. ಪ್ರತಿ ಚಳಿಗಾಲವೂ ಯೆಲೊವೆನ್ ಪಟ್ಟಣದಲ್ಲಿ ಯಾರದೋ ಮನೆಯ ಕೋಣೆ ಬಾಡಿಗೆಗೆ ಹಿಡಿಯುವುದು, ವಾರ ಕಳೆದು ಹಿಂತಿರುಗುವುದು. ಆ ವರ್ಷ ಸ್ತಾಮೆನ್‌ನ ಅಮ್ಮನ ಹಳ್ಳಿಮನೆ ಮಾರಾಟವಾಗಿ ಕೈಗೆ ಒಂದಿಷ್ಟು ಗಂಟು ಬಂತು. ಇನ್ನು ಬಾಡಿಗೆ ಸಾಕು, ನಮ್ಮದೇ ಒಂದು ಸೂರು ಬೇಕು ಅನ್ನುವಲ್ಲಿಗೆ ಇಬ್ಬರ ಮಾತೂ ಒಂದೇ ಇತ್ತು. ಎಂಥ ಸೂರು ಅನ್ನುವಲ್ಲಿ ಬೇರೆಯಾಯಿತು.

ಫೆಬ್ರವರಿಯಲ್ಲಿ ಎರಡು ದಿನ ಬಿಡದೆ ಹಿಮ ಸುರಿದ ಮೇಲೆ, ಶುಕ್ರವಾರ, ಯೆಲೊವೆನ್‌ನಲ್ಲಿ ಒಂದು ಫ್ಲ್ಯಾಟ್ ನೋಡಿದರು. ಎರಡನೇ ಮಹಡಿ, ಒಂದು ಮಲಗುವ ಕೋಣೆ, ಕಿಟಕಿ ತೆರೆದರೆ ಕಾರು ನಿಲ್ಲಿಸುವ ಜಾಗ, ಅದರಾಚೆ ಕಸದ ತೊಟ್ಟಿಗಳು. ವರ್ಷಕ್ಕಿಷ್ಟು ಅಂತ ನಿರ್ವಹಣೆಗೆ ಬೇರೆ ಕಟ್ಟಬೇಕು. ಪಕ್ಕದ ಮನೆಯವನು ಕೆಮ್ಮಿದ್ದು ಗೋಡೆಯೊಳಗಿಂದಲೇ ಬಂದಂತೆ ಕೇಳಿಸಿತು.

"ಇದೇನು ಮನೆಯೋ ಬೆಂಕಿಪೊಟ್ಟಣವೋ?" ಅಂದ ಸ್ತಾಮೆನ್. "ಪಕ್ಕದೋನು ಗೊರಕೆ ಹೊಡೆದರೆ ನಾನು ಮಗ್ಗಲು ಬದಲಾಯಿಸಬೇಕು."

ನೆವೆನಾಗೆ ಆ ಕೆಮ್ಮು ಹಿತವಾಗಿತ್ತು. ಮೇಲಿನ ಮನೆಯಲ್ಲಿ ಯಾರೋ ಓಡಾಡುತ್ತಿದ್ದರು, ಎಲ್ಲೋ ಬೆಳ್ಳುಳ್ಳಿ ಹುರಿಯುವ ವಾಸನೆ ಬರುತ್ತಿತ್ತು. ಇಲ್ಲಿ ಏನಾದರೂ ಆದರೆ ಕೂಗಿದ ಕೂಡಲೇ ನಾಲ್ಕು ಬಾಗಿಲು ತೆರೆಯುತ್ತವೆ ಅನ್ನಿಸಿತು. ಹಾಗಂತ ಬಾಯಿಬಿಟ್ಟು ಹೇಳಲಿಲ್ಲ. ಹೇಳಿದರೆ ಅದೂ ಒಂದು ನಗೆಚಾಟಿಕೆ ಆಗುತ್ತಿತ್ತು.

ಶನಿವಾರ ಬೆಳಿಗ್ಗೆ ನಿವೇಶನ ನೋಡಲು ಹೊರಟರು. ಪಟ್ಟಣದಿಂದ ಆರು ಕಿಲೋಮೀಟರು ಮೇಲೆ ಬುಕೊವೊ ಅನ್ನುವ ಹಳ್ಳಿ. ಜಾಗ ಕೊಳ್ಳುವುದು, ಬೇಸಿಗೆಯಲ್ಲಿ ಕಲ್ಲು ಮತ್ತು ಮರದ ಮನೆ ಕಟ್ಟಿಸುವುದು, ಬಾಗಿಲಿನಿಂದಲೇ ಸ್ಕೀ ಕಟ್ಟಿ ಇಳಿಯುವುದು, ಇದು ಸ್ತಾಮೆನ್‌ನ ಲೆಕ್ಕಾಚಾರ. ಮನೆಯ ಚಿತ್ರವನ್ನು ಅವನೇ ಬರೆದು ಮಡಚಿ ಜೇಬಿನಲ್ಲಿ ಇಟ್ಟುಕೊಂಡಿದ್ದ.

ಹಳ್ಳಿಯ ಕೊನೆಯ ಮನೆಯ ಮುಂದೆ ಒಬ್ಬ ಮುದುಕ ಸೌದೆ ಸೀಳುತ್ತಿದ್ದ. ಸ್ತಾಮೆನ್ ಕಾರಿನ ಗಾಜು ಇಳಿಸಿ ದಾರಿ ಕೇಳಿದ.

"ರಾಂಗೆಲ್ ಮಾರ್ತಿರೋ ಜಾಗಾನಾ?" ಮುದುಕ ಕೊಡಲಿ ಕೆಳಗಿಟ್ಟ. ಅವರಿಬ್ಬರನ್ನೂ ನೋಡಿದ, ಆಮೇಲೆ ಬೆಟ್ಟದ ಕಡೆ ನೋಡಿದ. "ಬೇಸಿಗೇಲಿ ಬನ್ನಿ. ಬೇಸಿಗೇಲಿ ಬಹಳ ಚೆನ್ನಾಗಿರುತ್ತೆ."

"ನಮಗೆ ಬೇಕಾಗಿರೋದು ಚಳಿಗಾಲಕ್ಕೇ ಅಜ್ಜ!" ಅಂದ ಸ್ತಾಮೆನ್.

ಮುದುಕ ಇನ್ನೇನೋ ಹೇಳುವವನಂತೆ ಬಾಯಿ ತೆರೆದು, ಮುಚ್ಚಿ, ಕೊಡಲಿ ಎತ್ತಿಕೊಂಡ.

ಜಾಗ ಮಾರುವ ರಾಂಗೆಲ್ ಮೇಲುಗಡೆ ಕಾಯುತ್ತಿದ್ದ. ನಲವತ್ತರ ಆಸುಪಾಸಿನ ಚುರುಕು ಮನುಷ್ಯ, ಮಾತಿಗೊಮ್ಮೆ ಕೈ ಉಜ್ಜುವ ಅಭ್ಯಾಸ. ಜಾಗ ಕಂಡ ಕೂಡಲೇ ಸ್ತಾಮೆನ್‌ನ ಮುಖ ಅರಳಿತು. ಎರಡೂ ಕಡೆ ದಟ್ಟ ಕಾಡು, ನಡುವೆ ಅಗಲವಾಗಿ ಬೆಟ್ಟದ ನೆತ್ತಿಯವರೆಗೂ ತೆರೆದ ಬಯಲಿಳಿಜಾರು. ಬಿಸಿಲಿಗೆ ಹಿಮ ಕಣ್ಣು ಕುಕ್ಕುತ್ತಿತ್ತು.

"ನೋಡಿ, ಒಂದು ಮರಾನೂ ಕಡಿಯೋ ಕೆಲಸ ಇಲ್ಲ. ದೇವರೇ ಖಾಲಿ ಮಾಡಿಕೊಟ್ಟಿದಾನೆ" ಅಂದ ರಾಂಗೆಲ್.

ಆ ಮಾತು ನೆವೆನಾಳ ಕಿವಿಯಲ್ಲಿ ಸಿಕ್ಕಿಕೊಂಡಿತು. ಖಾಲಿ ಹೇಗಾಯಿತು? ಅವಳು ಜಾಗದ ಅಂಚಿಗೆ ಹೋದಳು. ಅಲ್ಲಿ ಸಾಲಾಗಿ ಹಳೆಯ ಸ್ಪ್ರೂಸ್ ಮರಗಳು. ಇಳಿಜಾರಿನ ಕೆಳಮುಖಕ್ಕೆ ಕೊಂಬೆಗಳು ತುಂಬಿಕೊಂಡಿದ್ದವು. ಮೇಲ್ಮುಖಕ್ಕೆ ಎರಡಾಳೆತ್ತರದವರೆಗೆ ಒಂದು ಕೊಂಬೆಯೂ ಇರಲಿಲ್ಲ. ಸವರಿದ್ದಲ್ಲ. ಗರಗಸ ತಾಗಿದ ಗಾಯ ಹೇಗಿರುತ್ತದೆ ಅನ್ನುವುದು ಅವಳಿಗೆ ಕಣ್ಣು ಮುಚ್ಚಿಕೊಂಡರೂ ಗೊತ್ತು. ಇವು ಕಿತ್ತುಹೋದ ಕೊಂಬೆಗಳು. ತೊಗಟೆ ಉಜ್ಜಿಹೋಗಿ ಒಳಗಿನ ಮರ ಬೂದುಬಣ್ಣಕ್ಕೆ ತಿರುಗಿತ್ತು. ಬಯಲಿನಲ್ಲಿ ಹಿಮದಿಂದ ತಲೆ ಹೊರಗಿಟ್ಟಿದ್ದ ಬರ್ಚ್ ಗಿಡಗಳನ್ನು ನೋಡಿದಳು. ಎಲ್ಲವೂ ಒಂದೇ ಎತ್ತರ, ಒಂದೇ ವಯಸ್ಸು. ಬಾಚಣಿಗೆಯಿಂದ ಬಾಚಿದ ಹಾಗೆ ಎಲ್ಲವೂ ಕೆಳಮುಖವಾಗಿ ಬಾಗಿದ್ದವು.

ಮೇಲಿನಿಂದ ಹಿಮ ಕುಸಿದು ಈ ದಾರಿಯಾಗಿಯೇ ಇಳಿದಿರಬೇಕು ಅನ್ನಿಸಿತು.

"ಸ್ತಾಮೊ, ಇಲ್ಲಿ ಬಾ. ಈ ಮರ ನೋಡು."

"ಮರ ಆಮೇಲೆ ನೋಡೋಣ ಕಣೇ." ಅವನು ಆಗಲೇ ಕಾರಿನಿಂದ ಸ್ಕೀ ಇಳಿಸುತ್ತಿದ್ದ. "ಒಂದಿಷ್ಟು ಮೇಲೆ ಹೋಗಿ ಫೋಟೋ ತೆಗೀತೀನಿ. ಮನೆ ಯಾವ ಕಡೆ ಮುಖ ಮಾಡಿದರೆ ಚೆನ್ನ ಅಂತ ಮೇಲಿಂದ ಗೊತ್ತಾಗುತ್ತೆ."

"ಹೋಗಬೇಡ. ನನಗೆ ಭಯ ಆಗ್ತಿದೆ."

"ನಿನಗೆ ಯಾವತ್ತು ಆಗಲ್ಲ ಹೇಳು?" ಅವನು ರಾಂಗೆಲ್ ಕಡೆ ಕಣ್ಣು ಮಿಟುಕಿಸಿದ. ರಾಂಗೆಲ್ ನಕ್ಕ, ಸ್ವಲ್ಪ ತಡವಾಗಿ.

ಅವಳು ಸುಮ್ಮನಾದಳು. ಮುಂದೆ ಎಷ್ಟೋ ಸಲ ಆ ಸುಮ್ಮನಿರುವಿಕೆಯೇ ಅವಳನ್ನು ಚುಚ್ಚಿತು. ಅಂದು ಅವಳಿಗೆ ಅನ್ನಿಸಿದ್ದು ಇಷ್ಟೇ: ಗುಡುಗಿಗೂ ಹೀಗೇ ಎದೆ ಹೊಡೆದುಕೊಳ್ಳುತ್ತದೆ, ಲಿಫ್ಟಿಗೂ ಹೀಗೇ. ಇದರಲ್ಲಿ ಯಾವುದು ನಿಜವಾದ ಭಯ ಅಂತ ನನಗಾದರೂ ಹೇಗೆ ಗೊತ್ತು?

ಸ್ತಾಮೆನ್ ಅಡ್ಡಡ್ಡಲಾಗಿ ಹತ್ತುತ್ತ ಹೋದ. ಅವನ ಕೆಂಪು ಜಾಕೀಟು ಚಿಕ್ಕದಾಗುತ್ತ ಬಂತು. ಅಷ್ಟರಲ್ಲಿ ಸದ್ದೊಂದು ಕೇಳಿಸಿತು. ಜೋರಾದ ಸದ್ದಲ್ಲ. ಮಹಡಿ ಮನೆಯಲ್ಲಿ ಯಾರೋ ಸುತ್ತಿದ ಜಮಖಾನೆಯನ್ನು ನೆಲಕ್ಕೆ ಹಾಕಿದ ಹಾಗೆ, 'ಧುಮ್' ಅಂತ. ನೆವೆನಾಳ ಕಾಲ ಕೆಳಗಿನ ಹಿಮ ಒಂದು ಬೆರಳಷ್ಟು ಕುಸಿಯಿತು.

"ಸ್ತಾಮೊ! ಇಳಿದು ಬಾ! ಈ ಕಡೆ, ಮರದ ಕಡೆ ಬಾ!"

ಅವನು ಕೈ ಬೀಸಿದ. ಫೋನು ಎತ್ತಿ ಹಿಡಿದ. ಅವನ ಮೇಲ್ಗಡೆ, ಬಿಳಿಯ ಮೇಲೆ ಯಾರೋ ಪೆನ್ಸಿಲಿನಿಂದ ಎಳೆದಂತೆ ಒಂದು ಗೆರೆ ಮೂಡಿತು. ಗೆರೆ ಉದ್ದವಾಯಿತು. ಆಮೇಲೆ ಗೆರೆಯ ಕೆಳಗಿನ ಇಳಿಜಾರೆಲ್ಲ ಹಾಳೆಹಾಳೆಯಾಗಿ ಬಿರಿದು ನಡೆಯತೊಡಗಿತು.

ನೆವೆನಾ ಸ್ಪ್ರೂಸ್ ಮರವನ್ನು ತಬ್ಬಿಕೊಂಡಳು. ಮೊದಲು ಗಾಳಿ ಬಂದು ಟೋಪಿ ಕಿತ್ತೊಯ್ದಿತು. ಮೂಗು ಬಾಯಿಗೆಲ್ಲ ಪುಡಿಹಿಮ ತುಂಬಿತು. ಆ ಅಬ್ಬರದ ನಡುವೆಯೂ ಅವಳು ಕಣ್ಣು ಮುಚ್ಚಲಿಲ್ಲ. ಕೆಂಪು ಒಮ್ಮೆ ಮೇಲೆದ್ದಿತು, ಮುಳುಗಿತು, ಇನ್ನೊಮ್ಮೆ ಎದ್ದಿತು, ಒಂದು ಮುರಿದ ಬರ್ಚ್ ಗಿಡದ ಹತ್ತಿರ ಮುಳುಗಿತು. ಮತ್ತೆ ಏಳಲಿಲ್ಲ. ಹಿಮ ಅವಳಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ ನಿಂತಿತು. ಎಲ್ಲ ಶಾಂತ. ಹಕ್ಕಿಯ ಸದ್ದೂ ಇಲ್ಲ.

ತಿರುಗಿ ನೋಡಿದರೆ ರಾಂಗೆಲ್ ರಸ್ತೆಯ ಕಡೆ ಓಡುತ್ತಿದ್ದ.

ಆ ಬರ್ಚ್ ಗಿಡದಿಂದ ಕಣ್ಣು ಕೀಳದೆ ನೆವೆನಾ ನಡೆದಳು. ಕೀಳಬಾರದು ಅನ್ನುವುದೊಂದೇ ಅವಳ ತಲೆಯಲ್ಲಿತ್ತು. ಬಾಯಲ್ಲಿ ಏನೋ ಗೊಣಗುತ್ತಿದ್ದಳು, ಏನೆಂದು ಅವಳಿಗೇ ತಿಳಿಯದು. ಮೇಲೆ ಇನ್ನೂ ಅರ್ಧ ಇಳಿಜಾರು ಜಾರದೆ ಹಾಗೇ ತೂಗುತ್ತಿತ್ತು. ಅದು ಯಾವ ಕ್ಷಣದಲ್ಲಾದರೂ ಬರಬಹುದಿತ್ತು. ಅದನ್ನೂ ಅವಳು ಕಂಡಳು. ಕಂಡರೂ ನಡೆದಳು. ಗಿಡದ ಹತ್ತಿರ ಸ್ತಾಮೆನ್‌ನ ಸ್ಕೀ ಕೋಲಿನ ತುದಿ ಹೊರಗಿತ್ತು. ಎಳೆದರೆ ಬರಿಗೋಲು ಕೈಗೆ ಬಂತು. ಅಲ್ಲೇ ಮಂಡಿಯೂರಿ ಬಗೆಯತೊಡಗಿದಳು. ಹಿಮ ಹಿಮದ ಹಾಗಿರಲಿಲ್ಲ, ಗಟ್ಟಿಯಾದ ಸಿಮೆಂಟಿನ ಹಾಗಿತ್ತು. ಉಗುರು ಕಿತ್ತು ರಕ್ತ ಬಂತು.

"ಸರಿ ತಾಯಿ, ಸರಿ. ಜರುಗು."

ಸೌದೆ ಸೀಳುತ್ತಿದ್ದ ಮುದುಕ. ಒಂದು ಕೈಯಲ್ಲಿ ಸಲಿಕೆ, ಇನ್ನೊಂದರಲ್ಲಿ ಹುರುಳಿಕಾಯಿ ಬಳ್ಳಿಗೆ ಊರುವ ಉದ್ದನೆಯ ಗಳ. ಏದುಸಿರು ಬಿಡುತ್ತಿದ್ದ. ಗಳವನ್ನು ಹಿಮಕ್ಕೆ ಚುಚ್ಚಿದ, ತೆಗೆದ, ಒಂದು ಹೆಜ್ಜೆ ಕೆಳಗೆ ಚುಚ್ಚಿದ. ಐದನೆಯ ಸಲ ಗಳ ಅರ್ಧಕ್ಕೇ ನಿಂತಿತು.

"ಮೆತ್ತಗಿದೆ" ಅಂದ. "ಅಗಿ."

ಮೊದಲು ಭುಜ ಕಂಡಿತು, ಆಮೇಲೆ ಕಿವಿ. ಮುಖ ನೀಲಿಗಟ್ಟಿತ್ತು, ಬಾಯಿ ತುಂಬ ಹಿಮ. ನೆವೆನಾ ಬೆರಳು ಹಾಕಿ ಅದನ್ನು ತೆಗೆದಳು, ಬಾಯಿಗೆ ಬಾಯಿಟ್ಟು ಊದಿದಳು. ಊದುತ್ತಲೇ ಇದ್ದಳು. ಮುದುಕ ಸತ್ತವರ ಮುಂದೆ ಟೋಪಿ ತೆಗೆಯುವ ಹಾಗೆ ಕೈ ಎತ್ತಿದ್ದನ್ನು ಓರೆಗಣ್ಣಿನಲ್ಲಿ ಕಂಡು, "ಇನ್ನೂ ಸತ್ತಿಲ್ಲ! ತೆಗೀಬೇಡ!" ಅಂತ ಕಿರುಚಿದಳು. ಆಮೇಲೆ ಸ್ತಾಮೆನ್ ಒಮ್ಮೆ ಕೆಮ್ಮಿದ.

ಬೆಟ್ಟದ ರಕ್ಷಣಾ ತಂಡದವರು ಬರುವ ಹೊತ್ತಿಗೆ ಅವನು ಮುದುಕನ ಕುರಿದುಪ್ಪಟಿಯೊಳಗೆ ಹಲ್ಲು ಕಟಕಟಿಸುತ್ತ ಅಳುತ್ತಿದ್ದ. ಮಂಡಿ ಮುರಿದಿತ್ತು, ಜೊತೆಗೆ ಎರಡು ಪಕ್ಕೆಲುಬು ಹೋಗಿದ್ದವು. ಅವನನ್ನು ಗಾಡಿಗೆ ಏರಿಸುವಾಗ ನೆವೆನಾ ಮುದುಕನ ತೋಳು ಹಿಡಿದಳು.

"ನಿನಗೆ ಗೊತ್ತಿತ್ತಲ್ಲ ಅಜ್ಜ?"

"ನಾನು ಹುಡುಗ ಇದ್ದಾಗ ಒಂದ್ಸಲ ಬಂದಿತ್ತು. ಕುರಿಹಟ್ಟಿ ಹೋಯ್ತು. ಆಮೇಲೆ ನನ್ನ ಮಗಳು ಹುಟ್ಟಿದ ವರ್ಷ." ಬ್ಲಾಗೊಯ್ ಅನ್ನುವ ಆ ಮುದುಕ ಸಲಿಕೆಯ ಹಿಡಿ ನೋಡುತ್ತ ಹೇಳಿದ. "ರಾಂಗೆಲ್ ನನ್ನ ತಂಗಿ ಮಗ. ಜಾಗ ಮಾರಿದರೆ ತಂಗಿಗೆ ಆಪರೇಶನ್ನು ಮಾಡಿಸ್ತೀನಿ ಅಂದಿದ್ದ. ಬೇಸಿಗೇಲಿ ಬನ್ನಿ ಅಂದೆ. ಅಷ್ಟು ಸಾಲದು, ಗೊತ್ತು. ಬಯ್ಯಿ, ಬೈಸ್ಕೋತೀನಿ."

ಅವಳಿಗೆ ಬಯ್ಯಲು ಆಗಲಿಲ್ಲ. ಅವನ ಕೈಯಿಂದ ಸಲಿಕೆ ತೆಗೆದು ಹಿಮಕ್ಕೆ ಊರಿ ಗಾಡಿ ಹತ್ತಿದಳು.

ಆಸ್ಪತ್ರೆಯಲ್ಲಿ ನಾಲ್ಕನೆಯ ದಿನ ಸ್ತಾಮೆನ್ ಕಣ್ಣು ಮುಚ್ಚಿಕೊಂಡೇ ಅಂದ: "ಆ ಬೆಂಕಿಪೊಟ್ಟಣಾನೇ ತಗೊಳ್ಳೋಣ."

"ನಿನಗೆ ಇಷ್ಟ ಇರಲಿಲ್ಲವಲ್ಲ."

"ಹಿಮದ ಒಳಗೆ ಇದ್ದಾಗ ಕೂಗಿದೆ ನೆನಾ. ಕೂಗಿದ್ದು ನನ್ನ ಕಿವಿಗೇ ಕೇಳಿಸಲಿಲ್ಲ."

ಏಪ್ರಿಲ್‌ನಲ್ಲಿ ಫ್ಲ್ಯಾಟ್ ಕೊಂಡರು. ಮುಂದಿನ ಚಳಿಗಾಲದಿಂದ ಹಿಮ ಬೀಳುವ ತಿಂಗಳೆಲ್ಲ ಅಲ್ಲೇ ಇರತೊಡಗಿದರು. ಛಾವಣಿಯಿಂದ ಹಿಮ ಜಾರಿ ಕಾರುಗಳ ನಡುವೆ ಬಿದ್ದಾಗಲೆಲ್ಲ ಸ್ತಾಮೆನ್ ಕುರ್ಚಿಯಿಂದ ಎದ್ದು ನಿಲ್ಲುತ್ತಿದ್ದ, ಮುಖ ಸುಣ್ಣದಂತಾಗುತ್ತಿತ್ತು. ಸ್ಕೀ ಮೂಲೆಯಲ್ಲಿ ನಿಂತೇ ಇದ್ದವು. ಪುಕ್ಕಲಿ ಅನ್ನುವ ಮಾತು ಆ ಮನೆಯಲ್ಲಿ ಮತ್ತೆ ಯಾರ ಬಾಯಿಂದಲೂ ಬರಲಿಲ್ಲ. ನೆವೆನಾಗೆ ಅದರಿಂದ ಸಮಾಧಾನವೇನೂ ಆಗಲಿಲ್ಲ. ಒಬ್ಬಳ ಭಯ ಇದ್ದ ಮನೆಯಲ್ಲಿ ಈಗ ಇಬ್ಬರ ಭಯ ಇತ್ತು, ಅಷ್ಟೇ.

ಆ ಚಳಿಗಾಲ ಕಳೆದು ಮೇ ತಿಂಗಳಲ್ಲಿ ಬ್ಲಾಗೊಯ್ ಅಜ್ಜನಿಗೆ ಕಾಫಿಪುಡಿ, ಚೀಸ್ ತುಂಬಿ ಬೇಯಿಸಿದ ಒಂದು ಬಾನಿತ್ಸಾ ಕಟ್ಟಿಕೊಂಡು ಅವಳು ಬಸ್ಸಿನಲ್ಲಿ ಬುಕೊವೊಗೆ ಹೋದಳು. ಅಜ್ಜ ಬಾಗಿಲಲ್ಲೇ ಹೇಳಿದ: "ರಾಂಗೆಲ್ ಜಾಗ ಮಾರಿಬಿಟ್ಟ. ಸೋಫಿಯಾದೋರಂತೆ. ಹಿಮದ ವಿಷಯ ಅವರಿಗೆ ನಾನು ಹೇಳಿದೆ. ಆದ್ರೆ ಮುದುಕನಿಗೆ ಅರಳುಮರಳು ಅಂತ ಅವನು ಮೊದಲೇ ಹೇಳಿಟ್ಟಿದಾನೆ."

ಮೇಲೆ ಹೋದರೆ ತಳಪಾಯದ ಗುಂಡಿ ತೋಡಿ ಆಗಿತ್ತು. ಹಸಿರು ಹುಲ್ಲು, ಹಳದಿ ಹೂವು. ಅಜ್ಜ ಹೇಳಿದ್ದು ಸುಳ್ಳಲ್ಲ, ಬೇಸಿಗೆಯಲ್ಲಿ ಬಹಳ ಚೆನ್ನಾಗಿತ್ತು. ಗುಂಡಿಯ ಪಕ್ಕ ಗಂಡ ಹೆಂಡತಿ ನಿಂತಿದ್ದರು. ಅಪರಿಚಿತರನ್ನು ಮಾತನಾಡಿಸುವುದೆಂದರೆ ನೆವೆನಾಗೆ ಮೊದಲಿನಿಂದಲೂ ಅಳುಕು. ಆದರೂ ಹೋಗಿ, ಹೆಸರು ಹೇಳಿ, ನಡೆದದ್ದನ್ನೆಲ್ಲ ಹೇಳಿದಳು.

ಓಗ್ನ್ಯಾನ್ ಅನ್ನುವ ಆ ಗಂಡಸು ತಾಳ್ಮೆಯಿಂದಲೇ ಕೇಳಿದ. "ಪರವಾನಗಿ ಸಿಕ್ಕಿದೆ ಮೇಡಂ. ಅಪಾಯ ಇದ್ದಿದ್ದರೆ ಕೊಡ್ತಿದ್ರಾ? ಹಿಂದಕ್ಕೆ ಒಂದು ಕಾಂಕ್ರೀಟ್ ಗೋಡೆ ಬೇಕಾದರೆ ಹಾಕಿಸ್ತೀನಿ. ನಿಮ್ಮ ಯಜಮಾನರಿಗೆ ಹಾಗಾಗಿದ್ದು ಬೇಜಾರು." ಆಮೇಲೆ ಫೋನು ಬಂತೆಂದು ಪಕ್ಕಕ್ಕೆ ಹೋದ.

ಹೆಂಡತಿಯ ಹೆಸರು ಕಲಿನಾ, ಮೂವತ್ತೈದು ದಾಟಿರಲಿಲ್ಲ. ಗಂಡ ದೂರ ಹೋಗುವವರೆಗೆ ಕಾದು, ತಗ್ಗಿದ ದನಿಯಲ್ಲಿ ಕೇಳಿದಳು: "ಯಾವ ಮರ ಅಂದ್ರಿ?"

ನೆವೆನಾ ತೋರಿಸಿದಳು. ಕಲಿನಾ ಕಾಂಡದ ಮೇಲ್ಮುಖ ಮುಟ್ಟಿದಳು, ಸುತ್ತಿ ಬಂದು ಕೆಳಮುಖ ಮುಟ್ಟಿದಳು. "ನನಗೆ ಮೊದಲ ದಿನದಿಂದಲೇ ಇಲ್ಲಿ ನಿಂತರೆ ಬೆನ್ನು ತಣ್ಣಗಾಗುತ್ತೆ" ಅಂದಳು. "ಸುಮ್ಮನೆ ಕಲ್ಪಿಸ್ಕೋತೀಯ ಅಂತಾರೆ ಇವರು."

"ನನ್ನ ನಂಬರ್ ಬರ್ಕೋ ಮಗಳೇ" ಅಂದಳು ನೆವೆನಾ.

ಮನೆ ಎದ್ದಿತು. ಓಗ್ನ್ಯಾನ್ ಹೇಳಿದಂತೆ ಹಿಂದೆ ದಪ್ಪ ಗೋಡೆಯನ್ನೂ ಹಾಕಿಸಿದ. ಗೋಡೆ ತಡೆಯುತ್ತದೋ ಇಲ್ಲವೋ, ಇದುವರೆಗೆ ಯಾರಿಗೂ ಗೊತ್ತಾಗಿಲ್ಲ. ಎರಡು ದಿನ ಬಿಡದೆ ಹಿಮ ಬಿದ್ದು ಬಿಸಿಲು ಬಂದ ಬೆಳಿಗ್ಗೆ ನೆವೆನಾ ಫೋನು ಮಾಡುತ್ತಾಳೆ. "ಕಲಿನಾ, ಇಳಿದು ಬಾಮ್ಮ." ಮೊದಮೊದಲು ಓಗ್ನ್ಯಾನ್ ಗೊಣಗುತ್ತಿದ್ದುದು ಫೋನಿನಲ್ಲಿ ಕೇಳಿಸುತ್ತಿತ್ತು. ಈಗ ಅವನೂ ಗೊಣಗುವುದಿಲ್ಲ.

ಹೋದ ವಾರವೂ ಹಾಗೇ ಆಯಿತು. ಒಂಬತ್ತು ಗಂಟೆಯ ಹೊತ್ತಿಗೆ ಅವರ ಕಾರು ಬಂದು ಕಸದ ತೊಟ್ಟಿಗಳ ಪಕ್ಕ ನಿಂತಿತು. ಕಲಿನಾ ಬುಟ್ಟಿಯಲ್ಲಿ ಬೆಕ್ಕನ್ನು ಹಿಡಿದು ಇಳಿದಳು. ಸ್ತಾಮೆನ್ ಕುಂಟುತ್ತ ಹೋಗಿ ಬಾಗಿಲು ತೆಗೆದ. ನಾಲ್ವರೂ ಅಡಿಗೆಮನೆಯ ಚಿಕ್ಕ ಮೇಜಿನ ಸುತ್ತ ಮೊಣಕೈಗೆ ಮೊಣಕೈ ತಾಗಿಸಿಕೊಂಡು ಕೂತು ಚಹಾ ಕುಡಿದರು. ಬೆಟ್ಟದ ಕಡೆಯಿಂದ ಏನಾದರೂ ಕೇಳಿಸುತ್ತದೆಯೇ ಅಂತ ನಾಲ್ವರೂ ಕಿವಿಗೊಟ್ಟಿದ್ದರು.