ಹೊಂದದ ಕೊಳವೆ

ಕಾಳವ್ವನಿಗೆ ಉಸಿರು ಕೊಡಬೇಕಾದ ಯಂತ್ರ ಅವಳ ಮಂಚದ ಪಕ್ಕದಲ್ಲೇ ನಿಂತಿತ್ತು. ಆದರೆ ಅದರ ಆಕ್ಸಿಜನ್ ಕೊಳವೆ ಗೋಡೆಯ ನಳಕ್ಕೆ ಹೊಂದುತ್ತಿರಲಿಲ್ಲ. ಎರಡನ್ನೂ ಕೂಡಿಸುವ ಹಿತ್ತಾಳೆಯ ತುಂಡು ಬೇಕೆಂದು ಆಸ್ಪತ್ರೆಯವರು ಮೇಲಿನವರಿಗೆ ಪತ್ರ ಬರೆದು ಎಂಟು ತಿಂಗಳಾಗಿತ್ತು. ಹೀಗಾಗಿ ನ್ಯುಮೋನಿಯಾದಿಂದ ಎಚ್ಚರ ತಪ್ಪಿದ ಹೆಂಡತಿಗೆ ಚನ್ನಯ್ಯನೇ ಮುಂಜಾನೆಯಿಂದ ರಬ್ಬರಿನ ಚೀಲ ಒತ್ತಿ ಉಸಿರು ತುಂಬುತ್ತಿದ್ದ. ಒಮ್ಮೆ "ನಮಃ ಶಿವಾಯ" ಎನ್ನುವುದು, ಒಮ್ಮೆ ಒತ್ತುವುದು.

ಮಧ್ಯಾಹ್ನ ಡಾಕ್ಟರು ಬಂದಾಗ ಅವನು ಕೈ ನಿಲ್ಲಿಸದೆಯೇ ಕೇಳಿದ.

"ಆ ತುಂಡಿನ ಅಳತಿ ಕೊಡ್ರಿ ಸಾಹೇಬ್ರ. ತಾರಿಹಾಳದ ಕಾರ್ಖಾನ್ಯಾಗ ಮೂವತ್ತ ವರ್ಷ ಲೇತ್ ಮಶೀನ್ ಮ್ಯಾಲೆ ದುಡದೇನಿ. ಮಗಳು ಚೀಲ ಒತ್ತತಾಳ, ತಾಸಿನ್ಯಾಗ ಮಾಡಿಸಿ ತರತೇನಿ."

"ಹೊರಗಿಂದು ಹಾಕಾಕ ಬರೂದಿಲ್ರಿ ಅಜ್ಜಾರ. ಮ್ಯಾಲಿನವ್ರಿಗೆ ಪತ್ರ ಬರದೇವಿ, ಮಶೀನ್ ಕಂಪನಿಯವರ ಬರಬೇಕು."

"ಅವರು ಬರೂತನಕ ಈಕಿ ಉಸಿರ ಹಿಡ್ಕೊಂಡು ಕುಂಡ್ರಬೇಕೇನ್ರಿ?"

ಡಾಕ್ಟರು ತಲೆ ತಗ್ಗಿಸಿ ಮುಂದಿನ ಮಂಚಕ್ಕೆ ಹೋದರು.

ಸಂಜೆ ಕಾಳವ್ವನ ಎದೆಬಡಿತ ನಿಂತಿತು. ಚನ್ನಯ್ಯ ಮಾತ್ರ ಒತ್ತುತ್ತಲೇ ಇದ್ದ. ಡಾಕ್ಟರು ಅವನ ಕೈ ಹಿಡಿದು ಮೆಲ್ಲಗೆ ಹೇಳಿದರು.

"ಸಾಕ್ರಿ ಅಜ್ಜಾರ. ಶಿವನ ಇಚ್ಛಾ."

ಚನ್ನಯ್ಯ ಕೈ ಕಿತ್ತುಕೊಂಡ.

"ಶಿವನ ಮ್ಯಾಲೆ ಹಾಕಬ್ಯಾಡ್ರಿ! ಅವ ಇಲ್ಲೇ ನನ್ನ ಜೋಡಿ ಚೀಲ ಒತ್ತಾಕತ್ತಿದ್ದ. ಎಂಟ ತಿಂಗಳ ನಿಮ್ಮ ಪತ್ರ ಇಟ್ಕೊಂಡು ಕುಂತಾವ್ರು ಯಾರು? ಅವರ ಹೆಸರ ಬರದು ಕೊಡ್ರಿ. ಕೊಡೂತನಕ ನಾನೂ ಏಳೂದಿಲ್ಲ, ಈಕೀನ್ನೂ ಎತ್ತಗೊಡೂದಿಲ್ಲ."

ಮಗಳು ದಾಕ್ಷಾಯಿಣಿ "ಅಪ್ಪಾ" ಎಂದು ಅಳುತ್ತ ಭುಜ ಹಿಡಿದಳು. ಅವನು ಕದಲಲಿಲ್ಲ. ಡಾಕ್ಟರು ಒಮ್ಮೆ ಬಾಗಿಲ ಕಡೆ ನೋಡಿದರು. ಆಮೇಲೆ ಜೇಬಿನಿಂದ ಪೆನ್ನು ತೆಗೆದರು.